ಉಪ್ಪುಕಾಗದದ ಬೇರು, ನೂರಾರು ಬಿಳಲು

ಬಹುರಾಷ್ಟ್ರೀಯ ಕಂಪೆನಿ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಸಾಮಾನ್ಯವಾಗಿ ಯಾವುದಾದರೂ ಒಂದು ವಸ್ತು ಬಂದು ನಿಲ್ಲುತ್ತದೆ. ಇದು ಕಾರಿನ ಕಂಪೆನಿ, ಅದು ಸೋಪಿನ ಕಂಪೆನಿ, ಮತ್ತೊಂದು ಔಷಧದ ಕಂಪೆನಿ ಎಂದು ಹೆಸರಿನ ಜೊತೆಗೇ ವಸ್ತುವನ್ನೂ ಹೇಳಿಬಿಡುತ್ತೇವೆ. ಆದರೆ ಜಗತ್ತಿನ ಕೆಲವು ದೊಡ್ಡ ಕಂಪೆನಿಗಳು ಹೀಗೆ ಒಂದು ಮಾತಿಗೆ ಸಿಕ್ಕುವುದಿಲ್ಲ. ಪಾತ್ರೆ ಉಜ್ಜುವ ಹಸಿರು ನಾರು, ಪುಸ್ತಕಕ್ಕೆ ರಟ್ಟು ಹಾಕುವಾಗ ಬಳಸುವ ಪಾರದರ್ಶಕ ಟೇಪು, ರಾತ್ರಿ ದೀಪದ ಬೆಳಕು ಬಿದ್ದರೆ ಫಳಕ್ಕನೆ ಹೊಳೆಯುವ ರಸ್ತೆಯ ಫಲಕ, ಕೊರೊನಾ ಕಾಲದಲ್ಲಿ ಮನೆಮಾತಾದ ಎನ್-95 ಮುಖಗವಸು, ಕಚೇರಿಯ ಮೇಜಿನ ಮೇಲಿರುವ ಹಳದಿ ಅಂಟುಚೀಟಿ, ಕಾರಿನ ಬಣ್ಣ ತಿಕ್ಕುವ ಕಾಗದ - ಇವುಗಳಿಗೆಲ್ಲ ಏನು ಸಂಬಂಧ ಎಂದು ಕೇಳಿದರೆ ಯಾರಾದರೂ ತಬ್ಬಿಬ್ಬಾಗಬೇಕು. ಇವುಗಳಲ್ಲಿ ಒಂದೊಂದನ್ನೂ ತಯಾರಿಸುವ ಕಂಪೆನಿಗಳು ಹಲವಿವೆ. ಆದರೆ ಅಷ್ಟನ್ನೂ ತಯಾರಿಸುವ ಒಂದು ಕಂಪೆನಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿದೆ. ಅದರ ಹೆಸರು 3ಎಂ.

ಈ ವಾರ ಅದರ ವ್ಯವಹಾರ ನಡೆಯುವ ಬಗೆಯನ್ನು ತಿಳಿದುಕೊಳ್ಳೋಣ. ವಾಣಿಜ್ಯ ಓದುವವರಿಗೆ ಇದು ಪಠ್ಯದ ಆಚೆಗಿನ ಪಾಠ. ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೂ ತಾವು ಕಲಿತದ್ದು ಕಾರ್ಖಾನೆಗೆ ಹೋಗಿ ಏನಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಪಾಲಕರೂ ಜೊತೆಯಲ್ಲಿ ಓದಲಿ, ಅವರಿಗೆ ಸಂಬಂಧಿಸಿದ ಸಂಗತಿಯೂ ಇದರಲ್ಲಿದೆ.

ತಪ್ಪು ಕಲ್ಲಿನಿಂದ ಆರಂಭ

3ಎಂ ಎಂಬುದು ಮಿನ್ನೆಸೋಟಾ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಉದ್ದ ಹೆಸರಿನ ಚುಟುಕು. 1902ರಲ್ಲಿ ಟೂ ಹಾರ್ಬರ್ಸ್ ಎಂಬ ಸರೋವರ ತೀರದ ಊರಿನಲ್ಲಿ ಐದು ಜನ ಸೇರಿ ಈ ಕಂಪೆನಿ ಕಟ್ಟಿದರು. ಒಬ್ಬರು ವಕೀಲರು, ಒಬ್ಬರು ವೈದ್ಯರು, ಇಬ್ಬರು ರೈಲ್ವೆ ಅಧಿಕಾರಿಗಳು, ಇನ್ನೊಬ್ಬರು ಮಾಂಸದಂಗಡಿಯ ಮಾಲೀಕರು. ಹತ್ತಿರದ ಗುಡ್ಡದಲ್ಲಿ ಕುರುಂದದ ಕಲ್ಲು ಸಿಗುತ್ತದೆ, ವಜ್ರದ ನಂತರದ ಗಟ್ಟಿತನ ಅದರದು, ಸಾಣೆಕಲ್ಲು ಮಾಡುವವರಿಗೆ ಮಾರಿದರೆ ಕೈತುಂಬ ಹಣ ಎಂಬುದು ಅವರ ಲೆಕ್ಕ. ಆದರೆ ಗಣಿಯಿಂದ ಬಂದದ್ದು ಕುರುಂದವಲ್ಲ, ಸಾಣೆಗೆ ಹೆಚ್ಚು ಉಪಯೋಗವಿಲ್ಲದ ಬೇರೆಯೇ ಕಲ್ಲು. ಹೆಸರಿನಲ್ಲಿರುವ ಮೂರು 'ಎಂ'ಗಳಲ್ಲಿ ಗಣಿಗಾರಿಕೆಯ 'ಎಂ' ಹೀಗೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು.

ಗಣಿ ಕೈಕೊಟ್ಟ ಮೇಲೆ ಉಳಿದ ದಾರಿ ತಯಾರಿಕೆ. 1905ರಲ್ಲಿ ಡುಲುತ್ ನಗರಕ್ಕೆ ಹೋಗಿ, ಬೇರೆಡೆಯಿಂದ ಗಟ್ಟಿ ಹರಳು ತರಿಸಿ ಮರಳು ಕಾಗದ ಮಾಡತೊಡಗಿದರು. ನಮ್ಮ ಬಡಗಿಗಳು ಉಪ್ಪುಕಾಗದ ಎನ್ನುವುದು ಇದನ್ನೇ. 1910ರಲ್ಲಿ ಸೇಂಟ್ ಪಾಲ್ ನಗರಕ್ಕೆ ಬಂದು ನೆಲೆನಿಂತರು. ಲಾಭ ಮಾತ್ರ ಸುಲಭವಾಗಿ ಬರಲಿಲ್ಲ. ಷೇರುದಾರರಿಗೆ ಮೊದಲ ಲಾಭಾಂಶ ದೊರೆತದ್ದು 1916ರಲ್ಲಿ, ಅಂದರೆ ಕಂಪೆನಿ ಹುಟ್ಟಿ 14 ವರ್ಷಗಳ ನಂತರ.

1907ರಲ್ಲಿ ವಿಲಿಯಂ ಮೆಕ್‌ನೈಟ್ ಎಂಬ ರೈತ ಕುಟುಂಬದ ಯುವಕ ಇಲ್ಲಿ ಸಹಾಯಕ ಗುಮಾಸ್ತನಾಗಿ ಸೇರಿದ. ಲೆಕ್ಕ ಬರೆಯುವ ಕೆಲಸ, ವಾರಕ್ಕೆ 11 ಡಾಲರ್ 55 ಸೆಂಟ್ ಸಂಬಳ. ಮುಂದೆ ಮಾರಾಟದ ಹೊಣೆ ಬಂದಾಗ ಆತ ಗಿರಾಕಿಯ ಕಚೇರಿಯಲ್ಲಿ ಕುಳಿತು ಮಾತಾಡಿ ಹಿಂತಿರುಗಲಿಲ್ಲ. ಕಾಗದ ಹಿಡಿದು ತಿಕ್ಕುವ ಕಾರ್ಮಿಕನ ಬಳಿಗೇ ಹೋಗಿ, ಎಲ್ಲಿ ತೊಂದರೆ ಎಂದು ವಿಚಾರಿಸಿದ. ತನ್ನ ಮಾರಾಟಗಾರರಿಗೂ ಅದನ್ನೇ ಕಲಿಸಿದ. 1914ರಲ್ಲಿ ಜನರಲ್ ಮ್ಯಾನೇಜರ್, 1929ರಲ್ಲಿ ಅಧ್ಯಕ್ಷ, 1949ರಿಂದ 1966ರವರೆಗೆ ಆಡಳಿತ ಮಂಡಳಿಯ ಮುಖ್ಯಸ್ಥ - ಹೀಗೆ ಆತ ಏರಿದ ಮೆಟ್ಟಿಲುಗಳೇ ಕಂಪೆನಿಯ ಬೆಳವಣಿಗೆಯ ಚರಿತ್ರೆ.

1914ರಲ್ಲಿ ಒಂದು ಘಟನೆ ನಡೆಯಿತು. ಮಾರಿದ ಉಪ್ಪುಕಾಗದದಿಂದ ಹರಳು ಉದುರುತ್ತಿದೆ ಎಂದು ಎಲ್ಲೆಡೆಯಿಂದ ದೂರು. ಹುಡುಕಿದಾಗ ತಿಳಿದದ್ದೇನೆಂದರೆ, ಸ್ಪೇನಿನಿಂದ ಹರಳು ಹೊತ್ತು ಬಂದ ಹಡಗು ಬಿರುಗಾಳಿಗೆ ಸಿಕ್ಕು, ಅದೇ ಹಡಗಿನಲ್ಲಿದ್ದ ಆಲಿವ್ ಎಣ್ಣೆ ಚೆಲ್ಲಿ ಹರಳಿಗೆ ಅಂಟಿತ್ತು. ಎಣ್ಣೆ ಕುಡಿದ ಹರಳು ಅಂಟನ್ನು ಹಿಡಿಯುವುದುಂಟೇ? ಹರಳನ್ನು ಹುರಿದು ಎಣ್ಣೆ ತೆಗೆದು ಹೇಗೋ ಸುಧಾರಿಸಿದರು. ಆದರೆ ಕಚ್ಚಾಮಾಲನ್ನು ಪರೀಕ್ಷಿಸದೆ ಕಾರ್ಖಾನೆಯೊಳಗೆ ಬಿಡಬಾರದು ಎಂಬ ಪಾಠ ಉಳಿಯಿತು. 1916ರಲ್ಲಿ 500 ಡಾಲರ್ ಖರ್ಚಿನಲ್ಲಿ ಒಂದು ಪುಟ್ಟ ಪ್ರಯೋಗಾಲಯ ತೆರೆದರು. ಒಬ್ಬಿಬ್ಬರು ನಿಂತರೆ ತುಂಬಿಹೋಗುವ ಆ ಕೋಣೆಯೇ ಮುಂದಿನ ಎಲ್ಲ ಸಂಶೋಧನೆಗೆ ಮೂಲವಾಯಿತು.

ಮೂರು ಪದರದ ಗುಟ್ಟು

ಉಪ್ಪುಕಾಗದ ಮಾಡುವವರು ಟೇಪಿಗೆ, ಟೇಪಿನಿಂದ ರಸ್ತೆ ಫಲಕಕ್ಕೆ ಹೇಗೆ ಹೋದರು? ಮೇಲುನೋಟಕ್ಕೆ ಇದು ಕಂಡಕಂಡಲ್ಲಿ ಕೈಹಾಕಿದಂತೆ ತೋರುತ್ತದೆ. ಆದರೆ ಉಪ್ಪುಕಾಗದದ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಅದರಲ್ಲಿರುವುದು ಮೂರೇ ಸಂಗತಿ: ಕೆಳಗೊಂದು ಹಾಳೆ, ಅದರ ಮೇಲೆ ಅಂಟು, ಅಂಟಿನ ಮೇಲೆ ಹರಳು. ಒಂದು ಹಾಳೆಯ ಮೇಲೆ ಒಂದೇ ದಪ್ಪಕ್ಕೆ, ಮೈಲುಗಟ್ಟಲೆ ಉದ್ದಕ್ಕೆ, ಎಲ್ಲೂ ಹೆಚ್ಚುಕಡಿಮೆಯಾಗದಂತೆ ಲೇಪನ ಬಳಿಯುವುದು ಬಹಳ ಕಷ್ಟದ ಕೆಲಸ. ಆ ಕೆಲಸ ಒಮ್ಮೆ ಕೈವಶವಾದರೆ ಮೂರು ಪದರಗಳಲ್ಲಿ ಯಾವುದನ್ನಾದರೂ ಬದಲಾಯಿಸಿ ಹೊಸ ವಸ್ತು ಮಾಡಬಹುದು.

ಅಂಟು ನೀರಿಗೆ ಕರಗದಂತೆ ಮಾಡಿದಾಗ 1921ರಲ್ಲಿ ನೀರು ಹಚ್ಚಿ ತಿಕ್ಕಬಹುದಾದ ಉಪ್ಪುಕಾಗದ ಬಂತು. ಕಾರು ಕಾರ್ಖಾನೆಗಳಲ್ಲಿ ಬಣ್ಣದ ಧೂಳು ಕುಡಿದು ಕಾರ್ಮಿಕರು ಕಾಯಿಲೆ ಬೀಳುತ್ತಿದ್ದ ಕಾಲ ಅದು. ಒದ್ದೆ ಕಾಗದ ಆ ಧೂಳನ್ನು ಅಡಗಿಸಿತು. ಅದೇ ವರ್ಷ ಪ್ರಯೋಗಾಲಯಕ್ಕೆ ಸೇರಿದ ರಿಚರ್ಡ್ ಡ್ರೂ ಈ ಕಾಗದದ ಮಾದರಿ ಹಿಡಿದು ಕಾರಿಗೆ ಬಣ್ಣ ಬಳಿಯುವ ಶೆಡ್ಡುಗಳಿಗೆ ಹೋಗುತ್ತಿದ್ದ. ಆಗ ಎರಡು ಬಣ್ಣದ ಕಾರುಗಳ ಹುಚ್ಚು. ಒಂದು ಭಾಗಕ್ಕೆ ಕಾಗದ ಅಂಟಿಸಿ ಮುಚ್ಚಿ ಇನ್ನೊಂದಕ್ಕೆ ಬಣ್ಣ ಹೊಡೆದು, ಕಾಗದ ಕಿತ್ತರೆ ಬಣ್ಣವೂ ಕಿತ್ತುಬರುತ್ತಿತ್ತು. ಪೇಂಟರುಗಳ ಬೈಗುಳ ಕೇಳಿಸಿಕೊಂಡ ಡ್ರೂ, ಹಿತವಾಗಿ ಅಂಟಿ ಹಿತವಾಗಿ ಬಿಡುವ ಟೇಪನ್ನು ಮಾಡಲು ಹೊರಟ. ಹರಳು ಬಿಟ್ಟು ಹಾಳೆ ಮತ್ತು ಅಂಟನ್ನಷ್ಟೇ ಇಟ್ಟುಕೊಂಡರೆ ಟೇಪು! 1925ರಲ್ಲಿ ಮಾಸ್ಕಿಂಗ್ ಟೇಪು ಸಿದ್ಧವಾಯಿತು. ಬೇಕಾದ ಯಂತ್ರಕ್ಕೆ ಮೇಲಿನವರು ಹಣ ಕೊಡಲೊಪ್ಪದಿದ್ದಾಗ, ತನ್ನ ಸಹಿಗೆ 100 ಡಾಲರ್‌ವರೆಗೆ ಇದ್ದ ಅಧಿಕಾರ ಬಳಸಿ 99 ಡಾಲರಿನ ಚೀಟಿಗಳಲ್ಲಿ ಅದನ್ನು ತುಂಡುತುಂಡಾಗಿ ತರಿಸಿದ ಎಂಬ ಕಥೆ ಆ ಕಂಪೆನಿಯಲ್ಲಿ ಇಂದಿಗೂ ಪ್ರಚಲಿತ.

ಕಾಗದದ ಬದಲು ಸೆಲೋಫೇನ್ ಹಾಳೆ ಬಂದಾಗ 1930ರಲ್ಲಿ ಪಾರದರ್ಶಕ ಟೇಪು ಹುಟ್ಟಿತು. ಆರ್ಥಿಕ ಮುಗ್ಗಟ್ಟಿನ ವರ್ಷಗಳವು. ಹರಿದದ್ದನ್ನು ಎಸೆಯಲಾಗದ ಜನ ಅಂಟಿಸಿ ಬಳಸಿದರು, ಟೇಪು ಮನೆಮನೆಗೆ ಹೋಯಿತು. ಹರಳಿನ ಬದಲು ಸಣ್ಣ ಗಾಜಿನ ಮಣಿ ಹಚ್ಚಿದಾಗ, 1930ರ ದಶಕದ ಕೊನೆಯಲ್ಲಿ, ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ರಸ್ತೆ ಫಲಕ ಬಂತು. ಕಬ್ಬಿಣದ ಆಕ್ಸೈಡಿನ ಪುಡಿ ಹಚ್ಚಿದಾಗ 1947ರಲ್ಲಿ ಧ್ವನಿಮುದ್ರಣದ ಟೇಪು ಬಂತು. ಹಾಳೆಯ ಬದಲು ನೇಯದೆ ಒತ್ತಿ ಕೂಡಿಸಿದ ನಾರಿನ ಹಾಸಿಗೆ ತಿಕ್ಕುಹರಳನ್ನು ಹಿಡಿಸಿದಾಗ ಪಾತ್ರೆ ಉಜ್ಜುವ ಹಸಿರು ನಾರು. ನೇಯದ ನಾರನ್ನು ಅಚ್ಚಿನಲ್ಲಿ ಒತ್ತಿ ಬಟ್ಟಲಿನಾಕಾರಕ್ಕೆ ತಂದಾಗ ಮುಖಗವಸು. ಎನ್-95ರ ಹಿರಿಯಕ್ಕ ಎನ್ನಬಹುದಾದ, ಒಮ್ಮೆ ಬಳಸಿ ಬಿಸಾಡುವ ಗವಸಿಗೆ ಅಮೆರಿಕದ ಸರಕಾರಿ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು 1972ರಲ್ಲಿ.

ಆಲದ ಮರವನ್ನು ದೂರದಿಂದ ನೋಡಿದರೆ ಒಂದು ತೋಪಿನಂತೆ ಕಾಣುತ್ತದೆ. ಹತ್ತಿರ ಹೋದರೆ ಎಲ್ಲವೂ ಒಂದೇ ಮರದ ಬಿಳಲು. ಬಹುವಿಧ ತಯಾರಿಕೆಯ ಕಂಪೆನಿಗಳಲ್ಲಿ ಎರಡು ಜಾತಿ ಇವೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಹಣವಿದೆಯೆಂದು ಸಂಬಂಧವಿಲ್ಲದ ಹತ್ತು ಉದ್ದಿಮೆ ಕೊಂಡು ಒಂದೇ ಛತ್ರಿಯಡಿ ತಂದವು ಒಂದು ಜಾತಿ. ಒಂದು ವಿದ್ಯೆಯನ್ನು ಹತ್ತು ಕಡೆ ನೆಟ್ಟವು ಇನ್ನೊಂದು ಜಾತಿ. 3ಎಂ ಬಹುಮಟ್ಟಿಗೆ ಎರಡನೆಯದು.

ಕಾರ್ಖಾನೆ ನಡೆಯುವ ಬಗೆ

ಇಂಥ ಕಂಪೆನಿಯಲ್ಲಿ ತಯಾರಿಕೆ ಸಾಮಾನ್ಯವಾಗಿ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ಲೇಪನ. ಅದರ ಯಂತ್ರಗಳು ಬಹಳ ದೊಡ್ಡವು, ಬಹಳ ದುಬಾರಿ. ನಿಲ್ಲಿಸಿ ಮತ್ತೆ ಶುರುಮಾಡಿದಾಗಲೆಲ್ಲ ಮಾಲು ಹಾಳಾಗುವುದರಿಂದ ಅವು ಬಿಡುವಿಲ್ಲದೆ ಓಡುತ್ತಿರಬೇಕು. ಆದ್ದರಿಂದ ಅಂಥ ಕಾರ್ಖಾನೆಗಳನ್ನು ಜಗತ್ತಿನ ಕೆಲವೇ ಕಡೆ ಇಟ್ಟು, ಅಲ್ಲಿ ಆಳೆತ್ತರದ ಭಾರಿ ಸುರುಳಿಗಳನ್ನು ತಯಾರಿಸುತ್ತಾರೆ. ಎರಡನೆಯ ಹಂತ ಈ ಸುರುಳಿಯನ್ನು ಸೀಳಿ, ಕತ್ತರಿಸಿ, ಪೊಟ್ಟಣ ಕಟ್ಟುವುದು. ಇದಕ್ಕೆ ಸಣ್ಣ ಯಂತ್ರ ಸಾಕು. ಇದನ್ನು ಗಿರಾಕಿ ಇರುವ ದೇಶದಲ್ಲೇ ಮಾಡಿದರೆ ಲಾಭ. ಒಂದು ದೇಶಕ್ಕೆ ಅಗಲದ ಟೇಪು ಬೇಕು, ಇನ್ನೊಂದಕ್ಕೆ ಕಿರಿದಾದದ್ದು ಬೇಕು. ಒಂದು ಕಡೆ ಡಜನ್ ಲೆಕ್ಕ, ಇನ್ನೊಂದು ಕಡೆ ಬಿಡಿಯಾಗಿ ಮಾರಾಟ. ದೊಡ್ಡ ಸುರುಳಿಯಾಗಿ ಸಾಗಿಸಿದರೆ ಹಡಗಿನ ಬಾಡಿಗೆಯೂ ಕಡಿಮೆ. ನಮ್ಮ ಜವಳಿ ಪೇಟೆಯಲ್ಲಿ ಮಿಲ್ಲಿನಿಂದ ಥಾನು ತರಿಸಿ ಗಿರಾಕಿ ಕೇಳಿದಷ್ಟು ಗಜ ಹರಿದು ಕೊಡುತ್ತಾರಲ್ಲ, ಬಹುತೇಕ ಅದೇ ಲೆಕ್ಕಾಚಾರ.

ಇನ್ನು ಸಂಶೋಧನೆ. 3ಎಂ ತನ್ನ ಮಾರಾಟದ ನೂರರಲ್ಲಿ ಸುಮಾರು ಐದಾರು ಪಾಲನ್ನು ಇದಕ್ಕೆ ಖರ್ಚು ಮಾಡುತ್ತ ಬಂದಿದೆ. ಮಾರಾಟದ ವಿಭಾಗಗಳು ಬೇರೆಬೇರೆಯಾದರೂ ವಿದ್ಯೆ ಯಾವುದೇ ವಿಭಾಗದ ಸ್ವತ್ತಲ್ಲ ಎಂಬುದು ಅಲ್ಲಿನ ಹಳೆಯ ಕಟ್ಟಳೆ. ಟೇಪು ವಿಭಾಗದವರು ಕಂಡುಹಿಡಿದ ಅಂಟನ್ನು ರಸ್ತೆ ಫಲಕದವರು ಕೇಳಿ ಪಡೆಯಬಹುದು. ತಾಂತ್ರಿಕ ಸಿಬ್ಬಂದಿ ತಮ್ಮ ಕೆಲಸದ ವೇಳೆಯ ಶೇ. 15ರಷ್ಟನ್ನು ತಮಗೆ ತೋಚಿದ ಪ್ರಯೋಗಕ್ಕೆ ಬಳಸಬಹುದು. 1948ರಲ್ಲಿ ಮೆಕ್‌ನೈಟ್ ಬರೆದಿಟ್ಟ ಆಡಳಿತ ಸೂತ್ರದ ಸಾರವೂ ಇದೇ: ಒಳ್ಳೆಯವರನ್ನು ಆರಿಸಿ ಹೊಣೆ ವಹಿಸಿದ ಮೇಲೆ ಅವರ ಪಾಡಿಗೆ ಬಿಡಿ. ಅವರು ತಪ್ಪು ಮಾಡಿಯಾರು, ಆದರೆ ಪ್ರತಿಯೊಂದನ್ನೂ ಹೀಗೇ ಮಾಡು ಎಂದು ಮೇಲಿನವರು ಹೇಳತೊಡಗಿದರೆ ಆಗುವ ತಪ್ಪು ಅದಕ್ಕಿಂತ ದೊಡ್ಡದು.

ಹನ್ನೆರಡು ವರ್ಷ ಕಾದ ಚೀಟಿ

ಈ ಸೂತ್ರಕ್ಕೆ ಎಲ್ಲರೂ ಕೊಡುವ ಉದಾಹರಣೆ ಹಳದಿ ಅಂಟುಚೀಟಿ. 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ರಸಾಯನ ವಿಜ್ಞಾನಿ ಬಲವಾದ ಅಂಟನ್ನು ಹುಡುಕುತ್ತಿದ್ದಾಗ ಅದಕ್ಕೆ ತದ್ವಿರುದ್ಧವಾದದ್ದು ಕೈಗೆ ಬಂತು. ಅಂಟುತ್ತದೆ, ಎಳೆದರೆ ಬಿಡುತ್ತದೆ, ಮತ್ತೆ ಅಂಟುತ್ತದೆ. ಅಂಟದ ಅಂಟು ಯಾರಿಗೆ ಬೇಕು? ಸಿಲ್ವರ್ ಮಾತ್ರ ಅದನ್ನು ಬಿಸಾಡದೆ, ಕಂಪೆನಿಯ ಒಳಗೆ ಕಂಡಕಂಡವರಿಗೆಲ್ಲ ವಿವರಿಸುತ್ತ ಓಡಾಡಿದ. ಆರು ವರ್ಷಗಳ ನಂತರ, 1974ರಲ್ಲಿ, ಆ ವಿವರಣೆ ಕೇಳಿದ್ದ ಆರ್ಟ್ ಫ್ರೈ ಎಂಬ ಸಹೋದ್ಯೋಗಿಗೆ ಉಪಾಯ ಹೊಳೆಯಿತು. ಚರ್ಚಿನಲ್ಲಿ ಹಾಡುವ ತಂಡದಲ್ಲಿದ್ದ ಫ್ರೈ ಹಾಡಿನ ಪುಸ್ತಕದಲ್ಲಿ ಗುರುತಿಗೆಂದು ಇಟ್ಟ ಚೀಟಿಗಳು ಉದುರಿಹೋಗುತ್ತಿದ್ದವು. ಪುಟ ಹರಿಯದಂತೆ ಅಂಟಿ ಬಿಡುವ ಚೀಟಿ ಇದ್ದರೆ ಎಂದುಕೊಂಡಾಗ ಸಿಲ್ವರ್‌ನ ಅಂಟು ನೆನಪಾಯಿತು.

1977ರಲ್ಲಿ ನಾಲ್ಕು ನಗರಗಳಲ್ಲಿ ಮಾರಿ ನೋಡಿದರು, ಜನ ಕೊಳ್ಳಲಿಲ್ಲ. ಚೀಟಿಯ ಉಪಯೋಗ ಬಾಯಿಮಾತಿನಿಂದ ತಿಳಿಯುವಂಥದ್ದಲ್ಲ, ಬಳಸಿದರೆ ಮಾತ್ರ ಗೊತ್ತಾಗುತ್ತದೆ. ಮರುವರ್ಷ ಬಾಯ್ಸಿ ನಗರದ ಕಚೇರಿಗಳಿಗೆ ಪುಕ್ಕಟೆಯಾಗಿ ಹಂಚಿದಾಗ, ಬಳಸಿದವರಲ್ಲಿ ಹೆಚ್ಚಿನವರು ದುಡ್ಡು ಕೊಟ್ಟು ಕೊಳ್ಳಲು ಸಿದ್ಧರಾದರು. 1980ರಲ್ಲಿ ದೇಶಾದ್ಯಂತ ಬಿಡುಗಡೆ. ಲೆಕ್ಕ ಹಾಕಿ: 1968ರಿಂದ 1980ಕ್ಕೆ 12 ವರ್ಷ. ಅಂಟು ಸಿಕ್ಕ ವರ್ಷ ಒಂದನೇ ತರಗತಿಗೆ ಸೇರಿದ ಮಗು ಚೀಟಿ ಅಂಗಡಿಗೆ ಬರುವ ಹೊತ್ತಿಗೆ ಎರಡನೇ ಪಿಯುಸಿ ಮುಗಿಸಿರುತ್ತದೆ. ಅಷ್ಟು ಕಾಲ ಆ ಅಂಟು ಒಂದು ಪೈಸೆ ಗಳಿಸಲಿಲ್ಲ, ಸಿಲ್ವರ್‌ನನ್ನು ಯಾರೂ ಮನೆಗೆ ಕಳಿಸಲಿಲ್ಲ.

ಶಿಸ್ತಿನ ಕಾಲ

ಹಾಗೆಂದು ಎಲ್ಲವನ್ನೂ ಬಿಟ್ಟುಬಿಟ್ಟರೆ ಕಂಪೆನಿ ನಡೆದೀತೇ? 1990ರ ದಶಕದಲ್ಲಿ 3ಎಂನ ಖರ್ಚು ಏರಿತು, ಬೆಳವಣಿಗೆ ಮಂದವಾಯಿತು. 1996ರಲ್ಲಿ ದತ್ತಾಂಶ ಸಂಗ್ರಹ ಮತ್ತು ಚಿತ್ರಮುದ್ರಣದ ವ್ಯವಹಾರವನ್ನು ಇಮೇಷನ್ ಎಂಬ ಬೇರೆ ಕಂಪೆನಿಯಾಗಿ ಕಡಿದು ಕೊಟ್ಟಿತು. ಒಂದು ಕಾಲದಲ್ಲಿ ಹೆಸರು ತಂದ ಧ್ವನಿಮುದ್ರಣ ಟೇಪಿನ ಕೆಲಸವನ್ನೂ ಅದೇ ಸುಮಾರಿಗೆ ಕೈಬಿಟ್ಟಿತು. ಒಣಗುವ ಬಿಳಲನ್ನು ಗುರುತಿಸುವುದೂ ಆಡಳಿತದ ಕೆಲಸವೇ.

2001ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ ಬಂದ ಜೇಮ್ಸ್ ಮೆಕ್‌ನರ್ನಿ ಮುಖ್ಯಸ್ಥರಾದರು. ಸುಮಾರು 8,000 ನೌಕರರನ್ನು ಕಡಿತ ಮಾಡಿದರು, 'ಸಿಕ್ಸ್ ಸಿಗ್ಮಾ' ಎಂಬ ಪದ್ಧತಿಯನ್ನು ಎಲ್ಲ ಕಡೆ ತಂದರು. ಲೋಪಗಳನ್ನು ಎಣಿಸಿ, ಅಳೆದು, ಲಕ್ಷಕ್ಕೆ ಒಂದೂ ಉಳಿಯದಷ್ಟು ತಗ್ಗಿಸುವ ಗುರಿಯ ಪದ್ಧತಿ ಅದು. ಕಾರ್ಖಾನೆಯಲ್ಲಿ ಅದರಿಂದ ಪ್ರಯೋಜನವಾಯಿತು, ಲಾಭ ಏರಿತು. ಆದರೆ ಪ್ರಯೋಗಾಲಯದಲ್ಲೂ ಅದೇ ಅಳತೆಗೋಲು ಬಂದಾಗ, ಹೊಸದನ್ನು ಹುಡುಕುವವರು ಹುಡುಕುವ ಮೊದಲೇ ಫಲಿತಾಂಶ ಹೇಳಬೇಕಾದ ಸ್ಥಿತಿ ಬಂತು. 2005ರಲ್ಲಿ ಬಂದ ಜಾರ್ಜ್ ಬಕ್ಲಿ ಸಂಶೋಧಕರ ಮೇಲಿನ ಆ ಬಿಗಿಯನ್ನು ಸಡಿಲಿಸಿದರು. ಕಾರ್ಖಾನೆಯಲ್ಲಿ ಒಂದು ಟೇಪು ಇನ್ನೊಂದರ ಹಾಗೆಯೇ ಇರಬೇಕು, ಪ್ರಯೋಗಾಲಯದಲ್ಲಿ ಒಂದು ದಿನ ಇನ್ನೊಂದರ ಹಾಗೆ ಇರಬಾರದು. ಎರಡಕ್ಕೂ ಒಂದೇ ಕೋಲು ಹಿಡಿಯಲಾಗದು ಎಂಬ ಈ ಪ್ರಸಂಗವನ್ನು ಆಡಳಿತಶಾಸ್ತ್ರದ ತರಗತಿಗಳಲ್ಲಿ ಈಗಲೂ ಚರ್ಚಿಸುತ್ತಾರೆ.

ಜಾಣ್ಮೆಯ ಇನ್ನೊಂದು ಮುಖ

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾದೀತು. ಕಥೆಯ ಉಳಿದರ್ಧವನ್ನೂ ಹೇಳಬೇಕು.

1953ರಲ್ಲಿ 3ಎಂನ ಪ್ರಯೋಗಾಲಯದಲ್ಲಿ ಹೊಸ ದ್ರಾವಣದ ಕೆಲವು ಹನಿಗಳು ಸಹಾಯಕಿಯೊಬ್ಬಳ ಬಟ್ಟೆಯ ಶೂ ಮೇಲೆ ಬಿದ್ದವು. ಎಷ್ಟು ತೊಳೆದರೂ ಅದು ಹೋಗಲಿಲ್ಲ. ಆ ಜಾಗಕ್ಕೆ ನೀರೂ ಹಿಡಿಯದು, ಎಣ್ಣೆಯೂ ಹಿಡಿಯದು. ಪ್ಯಾಟ್ಸಿ ಶರ್ಮನ್ ಮತ್ತು ಸ್ಯಾಮ್ ಸ್ಮಿತ್ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಬೆಳೆಸಿ, 1956ರಲ್ಲಿ ಬಟ್ಟೆಗೆ ಕಲೆ ಹಿಡಿಯದಂತೆ ಕಾಪಾಡುವ ಸ್ಕಾಚ್‌ಗಾರ್ಡ್ ಎಂಬ ಲೇಪನವನ್ನು ಪೇಟೆಗೆ ತಂದರು. ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ನಡುವಿನ ಬಂಧ ಬಹಳ ಬಿಗಿ. ಈ ವಸ್ತುಗಳ ಗುಣಕ್ಕೆ ಅದೇ ಕಾರಣ. ಇದೇ ಕುಟುಂಬದ ರಾಸಾಯನಿಕಗಳು ಬೆಂಕಿ ಆರಿಸುವ ನೊರೆಗೆ, ಆಹಾರ ಕಟ್ಟುವ ಕಾಗದಕ್ಕೆ, ಇನ್ನೂ ಹತ್ತಾರು ಕಡೆಗೆ ಹೋದವು.

ಆದರೆ ಬಿಡದ ಬಂಧ ಮಣ್ಣಿನಲ್ಲೂ ಬಿಡುವುದಿಲ್ಲ, ನೀರಿನಲ್ಲೂ ಬಿಡುವುದಿಲ್ಲ. ಈಗ ಪಿಎಫ್ಎಎಸ್ ಎಂದು ಕರೆಯುವ ಈ ರಾಸಾಯನಿಕಗಳು ನದಿಗೆ, ಅಂತರ್ಜಲಕ್ಕೆ, ಕೊನೆಗೆ ಮನುಷ್ಯರ ರಕ್ತಕ್ಕೂ ಸೇರಿದವು. ಇವುಗಳಲ್ಲಿ ಕೆಲವು ಕ್ಯಾನ್ಸರ್ ಮೊದಲಾದ ಕಾಯಿಲೆಗಳಿಗೆ ಸಂಬಂಧಪಟ್ಟಿವೆ ಎಂದು ಅಧ್ಯಯನಗಳು ತೋರಿಸಿವೆ. ಮುಖ್ಯವಾದ ಒಂದು ಬಗೆಯ ತಯಾರಿಕೆಯನ್ನು ನಿಲ್ಲಿಸುವುದಾಗಿ 3ಎಂ 2000ದಲ್ಲಿ ಪ್ರಕಟಿಸಿತು. ಅಪಾಯ ಗೊತ್ತಿದ್ದೂ ಕಂಪೆನಿ ಬಹಳ ಕಾಲ ಬಾಯಿಬಿಡಲಿಲ್ಲ ಎಂದು ಅದರ ತವರು ರಾಜ್ಯ ಮಿನ್ನೆಸೋಟಾವೇ ದಾವೆ ಹೂಡಿತು. 2018ರಲ್ಲಿ 85 ಕೋಟಿ ಡಾಲರ್ ಕೊಟ್ಟು ಕಂಪೆನಿ ರಾಜಿ ಮಾಡಿಕೊಂಡಿತು. 2022ರ ಡಿಸೆಂಬರಿನಲ್ಲಿ, ಈ ಕುಟುಂಬದ ಎಲ್ಲ ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಗೆ ಬಿಡುವುದಾಗಿ ಹೇಳಿತು. 2023ರಲ್ಲಿ ಅಮೆರಿಕದ ಸಾರ್ವಜನಿಕ ನೀರು ಸರಬರಾಜು ಸಂಸ್ಥೆಗಳಿಗೆ ಹಲವು ವರ್ಷಗಳ ಕಂತಿನಲ್ಲಿ ಕನಿಷ್ಠ 1,030 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪು ತನ್ನದೆಂದು ಮಾತ್ರ ಒಪ್ಪಲಿಲ್ಲ.

ಅದೇ ವರ್ಷ ಮತ್ತೊಂದು ಹೊರೆ ಬಿತ್ತು. 2008ರಲ್ಲಿ 3ಎಂ ಕೊಂಡ ಏರೋ ಎಂಬ ಕಂಪೆನಿ ಸೈನಿಕರಿಗೆ ಕಿವಿಬಿರಡೆ ಮಾಡುತ್ತಿತ್ತು. ಅದು ಸದ್ದು ತಡೆಯದೆ ನಮ್ಮ ಶ್ರವಣಶಕ್ತಿ ಹೋಯಿತೆಂದು ಲಕ್ಷಾಂತರ ಮಾಜಿ ಸೈನಿಕರು ದಾವೆ ಹೂಡಿದ್ದರು. ಅದರ ರಾಜಿಗೆ ಸುಮಾರು 600 ಕೋಟಿ ಡಾಲರ್. 2023ರಲ್ಲಿ ಕಂಪೆನಿಯ ಮಾರಾಟ ಸುಮಾರು 3,270 ಕೋಟಿ ಡಾಲರ್ ಇದ್ದರೂ ವರ್ಷದ ಕೊನೆಗೆ ಉಳಿದದ್ದು ಸುಮಾರು 700 ಕೋಟಿ ಡಾಲರ್ ನಷ್ಟ. 2024ರ ಏಪ್ರಿಲ್ 1ರಂದು ಆರೋಗ್ಯ ವಿಭಾಗ ಸಾಲ್ವೆಂಟಮ್ ಎಂಬ ಸ್ವತಂತ್ರ ಕಂಪೆನಿಯಾಗಿ ಬೇರೆಯಾಯಿತು. ಆರು ದಶಕಕ್ಕೂ ಹೆಚ್ಚು ಕಾಲ ವರ್ಷವರ್ಷವೂ ಏರುತ್ತಿದ್ದ ಲಾಭಾಂಶ ಆ ವರ್ಷ ಇಳಿಯಿತು.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇದು. ಹತ್ತು ಬಗೆಯ ವ್ಯವಹಾರವಿದ್ದರೆ ಒಂದು ಸೋತಾಗ ಇನ್ನೊಂದು ಕೈಹಿಡಿಯುತ್ತದೆ ಎಂದು ಪುಸ್ತಕದಲ್ಲಿ ಓದುತ್ತೀರಿ. ಮಾರಾಟದ ಏರಿಳಿತದ ಮಟ್ಟಿಗೆ ಅದು ನಿಜ. ಹೊಣೆಗಾರಿಕೆಯ ಮಟ್ಟಿಗೆ ಅದು ತಿರುಗುಮುರುಗಾಗುತ್ತದೆ. ಒಂದು ವಿಭಾಗ ಮಾಡಿದ ಸಾಲವನ್ನು ಎಲ್ಲ ವಿಭಾಗಗಳೂ ತೀರಿಸಬೇಕಾಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಕೊಂಡಿ

ಈ ಕಂಪೆನಿಗೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. 1987ರಲ್ಲಿ ಬಿರ್ಲಾ 3ಎಂ ಎಂಬ ಹೆಸರಿನಲ್ಲಿ ಭಾರತದ ಶಾಖೆ ನೋಂದಣಿಯಾಯಿತು. 2002ರಲ್ಲಿ 3ಎಂ ಇಂಡಿಯಾ ಎಂದು ಹೆಸರು ಬದಲಾಯಿಸಿಕೊಂಡಿತು. ಅದರ ನೋಂದಾಯಿತ ಕಚೇರಿ ಬೆಂಗಳೂರಿನ ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಶೇ. 75ರಷ್ಟು ಷೇರು ಅಮೆರಿಕದ ಮಾತೃಸಂಸ್ಥೆಯದು. ಉಳಿದದ್ದು ನಮ್ಮ ಷೇರುಪೇಟೆಯಲ್ಲಿ ಮಾರಾಟವಾಗುತ್ತದೆ. ಹಾಗಾಗಿ ಅದರ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ದಾಖಲೆ. ಅದರಲ್ಲಿ ವಿಭಾಗವಾರು ಮಾರಾಟ, ವಿಭಾಗವಾರು ಲಾಭ, ಮಾತೃಸಂಸ್ಥೆಯಿಂದ ಕೊಂಡ ಮಾಲು, ಅದಕ್ಕೆ ಕೊಟ್ಟ ರಾಯಧನ ಎಲ್ಲವೂ ಬೇರೆಬೇರೆಯಾಗಿ ಇರುತ್ತವೆ.

ನಿಮಗೊಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ಇಂಥ ಕಂಪೆನಿಗಳಲ್ಲಿ ಯಾವ ಶಾಖೆ ಓದಿದವರಿಗೆ ಕೆಲಸ ಎಂದು ನೀವು ಕೇಳಬಹುದು. ರಸಾಯನ ವಿಜ್ಞಾನ, ಪಾಲಿಮರ್, ಮೆಕ್ಯಾನಿಕಲ್, ಕೆಮಿಕಲ್ ಎಂಜಿನಿಯರಿಂಗ್ ಓದಿದವರಿಗೆ ಪ್ರಯೋಗಾಲಯ ಮತ್ತು ಕಾರ್ಖಾನೆಯಲ್ಲಿ. ವಾಣಿಜ್ಯ ಓದಿದವರಿಗೆ ಲೆಕ್ಕ, ಖರೀದಿ, ದಾಸ್ತಾನು, ಸಾಗಣೆಯಲ್ಲಿ. ಕಾನೂನು ಓದಿದವರಿಗೆ ಪೇಟೆಂಟ್ ಮತ್ತು ಪರಿಸರ ನಿಯಮಗಳ ವಿಭಾಗದಲ್ಲಿ. ಆದರೆ ಡಿಗ್ರಿಗಿಂತ ಮುಂಚೆ ಬೇಕಾದದ್ದು ವ್ಯವಹಾರವನ್ನು ಬಿಡಿಸಿ ನೋಡುವ ಕಣ್ಣು. ಅದನ್ನು ಈಗಲೇ ಪಳಗಿಸಬಹುದು.

ಹಲವು ಬಗೆಯ ವಸ್ತು ತಯಾರಿಸುವ ಯಾವುದಾದರೂ ಒಂದು ಕಂಪೆನಿಯನ್ನು ಆರಿಸಿಕೊಳ್ಳಿ. 3ಎಂ ಆಗಬೇಕೆಂದಿಲ್ಲ, ಸೀಮೆನ್ಸ್, ಬಾಷ್, ಹಿಟಾಚಿ ಯಾವುದಾದರೂ ಆದೀತು. ಅದರ ವಾರ್ಷಿಕ ವರದಿ ತೆರೆದು ಐದು ಪ್ರಶ್ನೆಗೆ ಉತ್ತರ ಹುಡುಕಿ. ಇಷ್ಟೆಲ್ಲ ವಸ್ತುಗಳ ಬೇರು ಒಂದೇ ವಿದ್ಯೆಯೋ, ಬರೀ ಬಂಡವಾಳವೋ? ಹೆಚ್ಚು ಮಾರಾಟದ ವಿಭಾಗವೂ ಹೆಚ್ಚು ಲಾಭದ ವಿಭಾಗವೂ ಒಂದೇಯೋ? ಎಲ್ಲಿ ತಯಾರಾಗಿ ಎಲ್ಲಿ ಪೊಟ್ಟಣವಾಗುತ್ತದೆ? ಕಳೆದ ಹತ್ತು ವರ್ಷಗಳಲ್ಲಿ ಯಾವ ವಿಭಾಗ ಕೊಂಡರು, ಯಾವುದನ್ನು ಮಾರಿದರು, ಏಕೆ? ಐದನೆಯದು, ವರದಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ದಾವೆಗಳ ಟಿಪ್ಪಣಿ ಏನು ಹೇಳುತ್ತದೆ? ಬಹಳ ಜನ ಆ ಪುಟವನ್ನು ತಿರುವಿಹಾಕುತ್ತಾರೆ. 3ಎಂನ ಷೇರು ಇಟ್ಟುಕೊಂಡು ಆ ಪುಟವನ್ನು ಪ್ರತಿವರ್ಷ ಓದಿದವರಿಗೆ 2023ರ ನಷ್ಟ ಅಷ್ಟೇನೂ ಆಶ್ಚರ್ಯ ತರಲಿಲ್ಲ.

ಪಾಲಕರಿಗೆ ಒಂದು ಮಾತು. ಮಗ ಅಥವಾ ಮಗಳು ಓದಿನ ನಡುವೆ ಒಂದು ಗಂಟೆ ಯಾವುದೋ ಹಳೆಯ ರೇಡಿಯೊ ಬಿಚ್ಚುತ್ತ ಕುಳಿತರೆ, ಅಂಕಕ್ಕೆ ಬಾರದ ಪುಸ್ತಕ ಓದಿದರೆ, ಅದು ಪೋಲಾದ ವೇಳೆ ಎಂದು ಕೂಡಲೆ ತೀರ್ಮಾನಿಸಬೇಡಿ. ಪರೀಕ್ಷೆಯ ಓದಿಗೆ ಶಿಸ್ತು ಬೇಕು, ಅದರಲ್ಲಿ ರಿಯಾಯಿತಿ ಬೇಡ. ಆದರೆ ನೂರರಲ್ಲಿ ಹದಿನೈದು ಪಾಲು ಅವರಿಗೇ ಇರಲಿ. ಜೊತೆಗೆ, ಮಾಡಿದ್ದರಿಂದ ಯಾರಿಗಾದರೂ ತೊಂದರೆಯಾಯಿತೆಂದು ತಿಳಿದಾಗ ಮುಚ್ಚಿಡದೆ ಅಂದೇ ಬಂದು ಹೇಳುವ ಅಭ್ಯಾಸವನ್ನೂ ಮನೆಯಲ್ಲೇ ಕಲಿಸಿ. ನಾಳೆ ಅವರು ಯಾವುದೋ ಕಂಪೆನಿಯ ಪ್ರಯೋಗಾಲಯದಲ್ಲಿ ನಿಂತಿರುವಾಗ, ನೀರಿನ ಮಾದರಿಯ ವರದಿ ಕೈಗೆ ಬಂದಾಗ, ಆ ಅಭ್ಯಾಸ ಒಂದು ಊರಿನ ಬಾವಿಯನ್ನು ಉಳಿಸಬಹುದು.

ಐದು ಪ್ರಶ್ನೆಗಳ ಉತ್ತರವನ್ನು ಎರಡು ಹಾಳೆಗೆ ಮೀರದಂತೆ ಬರೆಯಿರಿ. ಬರೆದದ್ದನ್ನು ನಿಮ್ಮ ಅಧ್ಯಾಪಕರಿಗೆ ತೋರಿಸಿ, ಸಾಧ್ಯವಾದರೆ ತರಗತಿಯಲ್ಲಿ ಓದಿ. ನಾಲ್ಕು ಜನ ನಾಲ್ಕು ಕಂಪೆನಿಗಳನ್ನು ಹಂಚಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ಹೋಲಿಸಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು.